ಸೇತುವೆಯ ಮೇಲಿನ ಗಾಳಿ

“ಅಜ್ಜಾರ, ನೀವು ಸಿಟ್ಟು ಹ್ಯಾಂಗ ದಾಟಿದ್ರಿ?”

ಕೇಳಿದವನು ರೇವಯ್ಯ. ಮಠದಲ್ಲೇ ಬೆಳೆದವನು, ಮಠದ ಹಿರಿಯ ಸ್ವಾಮಿಗಳಾದ ಅಜ್ಜಾರ ಶಿಷ್ಯ. ಮರುದಿನ ಅವನು ಹೊಳೆಯಾಚೆಯ ಊರಿನ ಶಾಖಾಮಠಕ್ಕೆ ಹೊರಡಬೇಕಿತ್ತು. ಇನ್ನು ಮುಂದೆ ಅಲ್ಲಿನ ಜನಕ್ಕೆ ಅವನೇ ಗುರು.

ಅಜ್ಜಾರು ಹರೆಯದಲ್ಲಿ ಬೆಂಕಿಯಂಥ ಮನುಷ್ಯರಾಗಿದ್ದರೆಂದು ಊರೆಲ್ಲ ಹೇಳುತ್ತಿತ್ತು. ಈಗ ಅವರ ದನಿ ಏರಿದ್ದನ್ನು ಕಂಡವರಿಲ್ಲ. ರೇವಯ್ಯನಿಗೂ ಮೂಗಿನ ತುದಿಯಲ್ಲೇ ಕೋಪ. ಹೊಸ ಊರಿನಲ್ಲಿ ಯಾರಾದರೂ ಬಂದು ಸಿಟ್ಟಿಗೆ ಮದ್ದು ಕೇಳಿದರೆ ಏನು ಹೇಳಲಿ ಎಂಬುದು ಅವನ ಹೆದರಿಕೆ. ಅಲ್ಲಿಗೆ ಬರಿಗೈಯಲ್ಲಿ ಹೋಗಲು ಅವನಿಗೆ ಮನಸ್ಸಿರಲಿಲ್ಲ. ಅಜ್ಜಾರು ದಾಟಿದ ದಾರಿಯನ್ನು ಅವರ ಬಾಯಿಂದಲೇ ಕೇಳಿ, ತಾನೂ ಅದರಲ್ಲೇ ನಡೆದು, ಜನಕ್ಕೂ ಅದನ್ನೇ ಹೇಳುವುದೆಂದು ನಿಶ್ಚಯಿಸಿದ್ದ.

ಅಜ್ಜಾರು ದಾರಿ ಹೇಳಲಿಲ್ಲ. ಒಂದು ಕತೆ ಹೇಳುತ್ತೇನೆ ಎಂದರು. ಅದು ವಿಡಿಯೋ ಗೇಮಿನ ಕತೆ ಎಂದಾಗ ರೇವಯ್ಯನಿಗೆ ನಗು ಬಂತು. ಮಠಕ್ಕೆ ಬರುವವರು ಬರೀ ಕಷ್ಟ ಹೇಳಿಕೊಳ್ಳುವುದಿಲ್ಲ, ಆಡಿದ ಆಟವನ್ನೂ ಹೇಳುತ್ತಾರೆ, ಕೇಳಲು ಕೂತವನು ಎರಡನ್ನೂ ಕೇಳಬೇಕು ಎಂದು ಅಜ್ಜಾರು ಶುರುಮಾಡಿದರು.

ಒಂದು ಆಟವಿತ್ತು. ಅದರಲ್ಲಿ ಒಬ್ಬ ವೀರ. ಅವನು ಕಾಡು ದಾಟಿ, ಬೆಟ್ಟ ಹತ್ತಿ, ನೆಲದಡಿಯ ಕೋಟೆಗಳಿಗೆ ಇಳಿಯಬೇಕು. ಆಡುವವರು ಅಂಥ ಕೋಟೆಯನ್ನು ಡಂಜನ್ ಎನ್ನುತ್ತಾರೆ. ನಾವು ಪಾತಾಳ ಎನ್ನೋಣ. ಪ್ರತಿ ಪಾತಾಳದಲ್ಲೂ ಒಗಟುಗಳು. ಒಂದು ಕೋಣೆಯಲ್ಲಿ ದೀಪಗಳನ್ನು ಸರಿಯಾದ ಸರದಿಯಲ್ಲಿ ಹಚ್ಚಿದರೆ ಬಾಗಿಲು ತೆರೆಯುತ್ತದೆ. ಇನ್ನೊಂದರಲ್ಲಿ ಕಲ್ಲಿನ ನವಿಲುಗಳ ಮುಖವನ್ನು ನೀರಿನ ಕಡೆಗೆ ತಿರುಗಿಸಬೇಕು. ವೀರನನ್ನು ನಡೆಸುವುದು ಆಡುವವನು ಎರಡು ಕೈಯಲ್ಲೂ ಹಿಡಿದ ಕಂಟ್ರೋಲರ್. ಅದರ ಮೇಲೆ ಅಣಬೆಯಂಥ ಒಂದು ಪುಟ್ಟ ಸ್ಟಿಕ್. ಎಡಗೈಯ ಹೆಬ್ಬೆರಳಿನಿಂದ ಅದನ್ನು ಯಾವ ಕಡೆಗೆ ತಳ್ಳಿದರೆ ವೀರ ಆ ಕಡೆಗೆ ನಡೆಯುತ್ತಾನೆ.

ಈ ಆಟ ಆಡುವವರದೊಂದು ಬಳಗವಿತ್ತು. ಊರು ಊರುಗಳ ಜನ, ಫೋನಿನಲ್ಲೇ ಸೇರುತ್ತಿದ್ದರು. ಒಬ್ಬ ಸಿಕ್ಕಿಕೊಂಡಲ್ಲಿ ಇನ್ನೊಬ್ಬ ದಾರಿ ಹೇಳುವನು. ಅವರಲ್ಲಿ ಒಬ್ಬ ಆಟಗಾರ ಎಲ್ಲ ಪಾತಾಳಗಳನ್ನೂ ದಾಟಿದ್ದ. ದೀಪದ ಸರದಿಯಾಗಲಿ, ನವಿಲಿನ ಮುಖವಾಗಲಿ, ಅವನು ಹೇಳಿದ್ದು ಎಂದೂ ಸುಳ್ಳಾಗಿರಲಿಲ್ಲ. ಯಾರು ಕೇಳಿದರೂ ಬೇಸರಿಸದೆ ಹೇಳುತ್ತಿದ್ದ. ಅಲ್ಲಿಯೂ ಅವನನ್ನು ಗುರು ಎಂದೇ ಕರೆಯುತ್ತಿದ್ದರು. ಗುರುವಾಗಲು ಕಾವಿಯೇ ಬೇಕೆಂದೇನಿಲ್ಲ ಎಂದು ಅಜ್ಜಾರು ತಮ್ಮ ಶಾಲಿನ ಅಂಚನ್ನು ನೋಡಿಕೊಂಡರು.

ಕೊನೆಯ ಪಾತಾಳದಲ್ಲಿ ಒಂದು ಕಲ್ಲಿನ ಸೇತುವೆ. ಬಲು ಕಿರಿದು. ಎರಡೂ ಕಡೆ ಕಂದಕ, ಹಿಡಿಯಲು ಏನೂ ಇಲ್ಲ. ಬಿದ್ದವನು ಮತ್ತೆ ಮೊದಲಿನಿಂದ ನಡೆಯಬೇಕು. ಅದನ್ನು ದಾಟುವ ಬಗೆಯನ್ನೂ ಆಟಗಾರ ಬಳಗಕ್ಕೆ ಹೇಳಿಕೊಟ್ಟಿದ್ದ. ಅಲ್ಲಿ ಕಣ್ಣಿಗೆ ಕಾಣದ ಗಾಳಿಯೊಂದು ವೀರನನ್ನು ಎಡಕ್ಕೆ ತಳ್ಳುತ್ತದೆ, ಆದ್ದರಿಂದ ಮುಂದಕ್ಕೆ ನಡೆಸುವಾಗ ಸ್ಟಿಕ್ಕನ್ನು ತುಸು ಬಲಕ್ಕೆ ಒತ್ತಿ ಹಿಡಿಯಬೇಕು ಎಂದಿದ್ದ. ಅವನು ಹಾಗೆಯೇ ದಾಟಿದ್ದ. ಸುಳ್ಳು ಹೇಳುವ ಜಾಯಮಾನ ಅವನದಲ್ಲ.

ಆ ಗಾಳಿಯ ಬಗ್ಗೆ ಬಳಗದಲ್ಲಿ ದೊಡ್ಡ ಚರ್ಚೆ. ಪಾತಾಳದ ರಾಕ್ಷಸ ಮಲಗಿ ಉಸಿರು ಬಿಡುತ್ತಾನೆ, ಅದೇ ಗಾಳಿ ಎಂದ ಒಬ್ಬ. ನವಿಲುಗಳನ್ನು ತಿರುಗಿಸಿದಾಗ ಎಲ್ಲೋ ಒಂದು ಕಿಂಡಿ ತೆರೆಯುತ್ತದೆ, ಅಲ್ಲಿಂದ ಬೀಸುತ್ತದೆ ಎಂದ ಇನ್ನೊಬ್ಬ. ವೀರನ ಹೆಗಲ ವಸ್ತ್ರ ಎಡಕ್ಕೆ ಹಾರಿದ್ದನ್ನು ಕಣ್ಣಾರೆ ಕಂಡೆ ಎಂದ ಮತ್ತೊಬ್ಬ. ಗಾಳಿಯೂ ಇಲ್ಲ ಗೀಳಿಯೂ ಇಲ್ಲ, ನಾನು ನೆಟ್ಟಗೆ ನಡೆದು ದಾಟಿದೆ ಎಂದವನೂ ಒಬ್ಬನಿದ್ದ. ನೀನು ಹೋದ ಹೊತ್ತಿಗೆ ಗಾಳಿ ನಿಂತಿತ್ತು, ನಿನ್ನ ದೈವ ದೊಡ್ಡದು ಎಂದರು ಉಳಿದವರು.

ಬಲಕ್ಕೆ ಒತ್ತಿ ಬಿದ್ದವರು ಬೇಕಾದಷ್ಟು ಮಂದಿ. ಅವರು ಗುರುವನ್ನು ಸಂಶಯಿಸಲಿಲ್ಲ. ಒತ್ತಿದ್ದು ಹೆಚ್ಚಾಯಿತೇನೋ ಎಂದುಕೊಂಡು ಕಡಿಮೆ ಒತ್ತಿದರು. ಆಮೇಲೆ ಇನ್ನೂ ಕಡಿಮೆ ಒತ್ತಿದರು. ಕಡೆಗೆ ಒತ್ತದೆಯೇ ದಾಟಿದರು. ದಾಟಿದ ಮೇಲೆ, ಗುರು ಹೇಳಿದ್ದು ಸರಿ, ಗಾಳಿ ಇದೆ ಎಂದು ಬಳಗಕ್ಕೆ ತಿಳಿಸಿದರು. ಇದನ್ನು ಕೇಳಿ ರೇವಯ್ಯ ಜೋರಾಗಿ ನಕ್ಕ. ಅಜ್ಜಾರು ನಗಲಿಲ್ಲ.

ಆ ಬಳಗಕ್ಕೆ ಹೊಸದಾಗಿ ಒಬ್ಬಳು ಬಂದಳು. ಹೊಲಿಗೆ ಮಾಡಿ ಬದುಕುವವಳು. ಬಿದ್ದು ಎಡಗೈ ಮುರಿದುಕೊಂಡಿದ್ದಳು. ಮೂಳೆ ಕೂಡಿತ್ತು, ಬೆರಳು ಮಾತ್ರ ಮರಗಟ್ಟಿದ್ದವು. ಬೆರಳನ್ನು ಆಡಿಸುತ್ತಿರಬೇಕು ಎಂದು ವೈದ್ಯರು ಹೇಳಿದ್ದರು. ಮನೆಯಲ್ಲಿ ತಮ್ಮನ ಆಟವಿತ್ತು, ಅವನು ಆಗಷ್ಟೇ ತಂದ ಹೊಸ ಕಂಟ್ರೋಲರ್ ಇತ್ತು. ಅವಳು ಆಡತೊಡಗಿದಳು. ಆಡುತ್ತ ಆಡುತ್ತ ಅವಳಿಗೆ ರುಚಿ ಹತ್ತಿತು. ದೀಪದ ಕೋಣೆಯಲ್ಲಿ ಸಿಕ್ಕಿಕೊಂಡಾಗ ಬಳಗವನ್ನು ಕೇಳಿದಳು. ನವಿಲಿನ ಒಗಟನ್ನು ತಾನೇ ಬಿಡಿಸಿದಳು. ನವಿಲು ನೀರನ್ನೇ ಯಾಕೆ ನೋಡಬೇಕು, ಮೋಡವನ್ನು ಯಾಕೆ ನೋಡಬಾರದು ಎಂದು ಬಳಗವನ್ನೇ ಕೇಳಿದಳು.

ಹೊಲಿಗೆಯಲ್ಲಿ ಬಟ್ಟೆಯನ್ನು ಸೂಜಿಯ ಕೆಳಗೆ ನೆಟ್ಟಗೆ ನಡೆಸುವುದು ಎಡಗೈ. ಅದು ಅತ್ತಿತ್ತ ಹೋದರೆ ಕೆಡುವುದು ಬೇರೆಯವರ ಬಟ್ಟೆ. ಓಣಿಯ ಹೆಂಗಸರು ಬ್ಲೌಸಿನ ಬಟ್ಟೆ ಕೊಟ್ಟು ಕಾಯುತ್ತಿದ್ದರು. ಅವಳು ತನ್ನೊಳಗೇ ಒಂದು ಮಾತು ಇಟ್ಟುಕೊಂಡಳು. ಆ ಕಿರಿದಾದ ಸೇತುವೆಯ ಮೇಲೆ ವೀರನನ್ನು ಬೀಳದಂತೆ ನಡೆಸಿದರೆ ಕೈ ಬಂದಂತೆ. ಅಂದೇ ಮಿಷನ್ನಿನ ಮುಂದೆ ಕೂರುವುದು. ನಡೆಸಲಾಗದಿದ್ದರೆ ಕೈ ಹೋದಂತೆ.

ಸೇತುವೆಯ ಮುಂದೆ ನಿಂತು ಅವಳು ಮೊದಲು ಗುರುವನ್ನು ಕೇಳಿದಳು. ಅವನು ಗಾಳಿಯ ವಿಷಯ ಹೇಳಿದ. ಅವಳು ತುಸು ಬಲಕ್ಕೆ ಒತ್ತಿ ನಡೆಸಿದಳು. ವೀರ ಬಲಕ್ಕೆ ಬಿದ್ದ. ಮತ್ತೆ ನಡೆಸಿದಳು, ಮತ್ತೆ ಬಲಕ್ಕೇ ಬಿದ್ದ. ಬೇರೆಯವರಂತೆ ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡಲು ಅವಳ ಮರಗಟ್ಟಿದ ಬೆರಳಿಗೆ ಬರುತ್ತಿರಲಿಲ್ಲ. ಬಲಕ್ಕೆ ಬೀಳುತ್ತಿದ್ದೇನೆ ಎಂದು ಗುರುವಿಗೆ ಹೇಳಿದಳು. ಅವನು ಯೋಚಿಸಿ, ಮರುಕದಿಂದಲೇ ಹೇಳಿದ.

“ಅಕ್ಕಾರ, ಅಲ್ಲಿ ಬಲಕ್ಕ ಬೀಳಾಕ ಸಾಧ್ಯನ ಇಲ್ರಿ. ನಿಮ್ಮ ಕೈಗೆ ಇನ್ನೂ ಹಿಡಿತ ಬಂದಿಲ್ಲ.”

ಅವಳು ನಂಬಿದಳು. ಎಲ್ಲ ಬಾಗಿಲುಗಳನ್ನೂ ತೆರೆಸಿಕೊಟ್ಟವನು ಇದೊಂದನ್ನು ತಪ್ಪು ಹೇಳುತ್ತಾನೆಯೇ? ಕೆಲವು ದಿನ ಹೆಣಗಿದಳು. ಆಮೇಲೆ ಓಣಿಯವರ ಬಟ್ಟೆಗಳನ್ನು ಮಡಿಸಿ, ಬೇರೆ ಕಡೆ ಹೊಲಿಸಿಕೊಳ್ಳಿ ಎಂದು ಹಿಂದಿರುಗಿಸಿದಳು. ಮಿಷನ್ನಿಗೆ ಹೊದಿಕೆ ಹಾಕಿದಳು. ಕೈ ಬರಲಿಲ್ಲ, ಇನ್ನು ಆಡುವುದಿಲ್ಲ, ಹೇಳಿಕೊಟ್ಟಿದ್ದಕ್ಕೆ ಉಪಕಾರವಾಯಿತು ಎಂದು ಬಳಗಕ್ಕೆ ತಿಳಿಸಿದಳು.

ಆಟಗಾರನಿಗೆ ಕೆಡುಕೆನಿಸಿತು. ಅವನು ಒಳ್ಳೆಯವನು. ಎದುರು ಕೂತು ಕಲಿಸಿದರೆ ಬಂದೀತು ಎಂದು ಅವಳ ತಮ್ಮನನ್ನು ಕೇಳಿಕೊಂಡು, ಬಸ್ಸು ಹತ್ತಿ ಅವಳ ಊರಿಗೆ ಹೋದ. ಎಲ್ಲಿಗೆ ಹೋದರೂ ತನ್ನ ಕಂಟ್ರೋಲರನ್ನು ಚೀಲದಲ್ಲಿ ಒಯ್ಯುವುದು ಅವನ ರೂಢಿ, ಹಳೆಯ ಆಚಾರದವರು ತಮ್ಮ ತಂಬಿಗೆ ತಾವೇ ಒಯ್ದ ಹಾಗೆ. ಅವಳಿಗೆ ತೋರಿಸಲು ಮೊದಲು ಅವಳದನ್ನೇ ಹಿಡಿದ. ವೀರ ಬಲಕ್ಕೆ ಬಿದ್ದ. ಇನ್ನೊಮ್ಮೆ ನಡೆಸಿದ, ಬಲಕ್ಕೇ ಬಿದ್ದ. ನಿಮ್ಮದು ಕೆಟ್ಟಿದೆ ಎಂದು ಅದನ್ನು ಪಕ್ಕಕ್ಕಿಟ್ಟು ತನ್ನದನ್ನು ಆಟಕ್ಕೆ ಜೋಡಿಸಿದ. ಈಗ ವೀರ ದಾರದ ಮೇಲೆ ಇರುವೆ ನಡೆದ ಹಾಗೆ ನಡೆದುಹೋದ. ಇನ್ನೊಮ್ಮೆ ತೋರಿಸುತ್ತೇನೆ ನೋಡಿ ಎಂದು ಅವನು ವೀರನನ್ನು ಮತ್ತೆ ಸೇತುವೆಯ ಮೊದಲಿಗೆ ತಂದು ನಿಲ್ಲಿಸಿದ.

ಅಷ್ಟರಲ್ಲಿ ಅವಳ ತಾಯಿ ಚಹಾ ತಂದಳು. ಲೋಟ ಬಿಸಿಯಿತ್ತು, ಎರಡು ಕೈಯಲ್ಲಿ ತೆಗೆದುಕೊಳ್ಳಬೇಕಾಯಿತು. ಆಟ ನಿಲ್ಲಿಸದೆ ಕಂಟ್ರೋಲರನ್ನು ಎಂದೂ ಕೆಳಗಿಟ್ಟವನಲ್ಲ ಅವನು. ಅಂದು ಹಿರಿಯರು ಎದುರು ನಿಂತಿದ್ದರು, ಅವಸರದಲ್ಲಿ ಚಾಪೆಯ ಮೇಲೆ ಇಟ್ಟುಬಿಟ್ಟ.

ಯಾರೂ ಮುಟ್ಟಿರಲಿಲ್ಲ. ವೀರ ತಾನಾಗಿ ಎಡಕ್ಕೆ ನಡೆದ, ಅಂಚಿಗೆ ಬಂದ, ಬಿದ್ದ. ಆಟ ಅವನನ್ನು ಮತ್ತೆ ಎಬ್ಬಿಸಿ ನಿಲ್ಲಿಸಿತು. ಮತ್ತೆ ಎಡಕ್ಕೆ ನಡೆದ, ಮತ್ತೆ ಬಿದ್ದ. ಅವಳು ನೋಡಿದಳು, ಅವಳ ತಾಯಿಯೂ ನೋಡಿದಳು. ಆಟಗಾರ ಚಹಾ ಕುಡಿಯುವುದನ್ನು ಮರೆತ.

ವರ್ಷಾನುಗಟ್ಟಲೆ ಆಡಿ ಅವನ ಸ್ಟಿಕ್ ಸವೆದು ಎಡಕ್ಕೆ ಎಳೆಯುತ್ತಿತ್ತು. ಒಂದೇ ದಿನಕ್ಕೆ ಎಳೆದಿದ್ದರೆ ತಿಳಿಯುತ್ತಿತ್ತು. ದಿನಕ್ಕಿಷ್ಟು ಎಂದು ಎಳೆಯಿತು, ಹೆಬ್ಬೆರಳೂ ದಿನಕ್ಕಿಷ್ಟು ಎಂದು ಬಲಕ್ಕೆ ಒತ್ತುವುದನ್ನು ಕಲಿಯಿತು. ಅಗಲವಾದ ಕೋಣೆಗಳಲ್ಲಿ ಅದು ಗೊತ್ತಾಗಲಿಲ್ಲ. ಕಿರಿದಾದ ಸೇತುವೆಯ ಮೇಲೆ ಮೊದಲ ಸಲ ಗೊತ್ತಾಯಿತು. ಆಗ ಅವನು ಅದಕ್ಕೆ ಗಾಳಿ ಎಂದು ಹೆಸರಿಟ್ಟ.

ಅವನಿಗೆ ಬಹಳ ನಾಚಿಕೆಯಾಯಿತು. ತಾನು ಬಿದ್ದದ್ದಕ್ಕಲ್ಲ, ಅವಳ ಕೈಯ ಬಗ್ಗೆ ಆಡಿದ ಮಾತಿಗೆ. ಅವಳ ಕಂಟ್ರೋಲರನ್ನು ಎತ್ತಿ ಅವಳ ಕೈಗೆ ಕೊಟ್ಟ.

“ಅಕ್ಕಾರ, ಗಾಳಿ ಇಲ್ರಿ. ಸುಮ್ನ ನೆಟ್ಟಗ ಹೋಗ್ರಿ.”

ಅವಳು ನೆಟ್ಟಗೆ ತಳ್ಳಿದಳು. ಬೆರಳು ನಡುಗಿ ವೀರ ಎಡಕ್ಕೆ ಬಿದ್ದ. ಅವಳು ನಕ್ಕಳು. ತನ್ನ ಕೈ ಬಲಕ್ಕೆ ಮಾತ್ರ ಹೋಗುತ್ತದೆ ಎಂದುಕೊಂಡಿದ್ದಳು, ಪಾಪ. ಮತ್ತೆ ಮತ್ತೆ ನಡೆಸಿದಳು. ಹೊತ್ತು ಇಳಿಯುವ ಮೊದಲು ವೀರ ಸೇತುವೆಯಾಚೆ ನಿಂತಿದ್ದ. ಆಚೆ ಏನಿದೆ ಎಂದು ಕೂಡ ಅವಳು ನೋಡಲಿಲ್ಲ. ಎದ್ದು ಹೋಗಿ ಮಿಷನ್ನಿನ ಹೊದಿಕೆ ತೆಗೆದಳು.

ಆಟಗಾರ ಮನೆಗೆ ಬಂದು ಬಳಗಕ್ಕೆ ನಡೆದದ್ದನ್ನು ಇದ್ದಂತೆ ಹೇಳಿದ. ಸೇತುವೆಯ ಮೇಲೆ ಗಾಳಿ ಇಲ್ಲ, ಇದ್ದದ್ದು ನನ್ನ ಕೈಯಲ್ಲಿ ಎಂದ. ಕೆಲವರು ಒಪ್ಪಿದರು. ಬಹಳ ಮಂದಿ ಒಪ್ಪಲಿಲ್ಲ. ಗುರು, ನಿಮಗೆ ಈಗ ಗಾಳಿ ನಿಂತಿರಬಹುದು, ನಮಗೆ ಇನ್ನೂ ಬೀಸುತ್ತಿದೆ ಎಂದರು. ಅವನು ಹೊಸ ಕಂಟ್ರೋಲರ್ ತಂದ. ಎಷ್ಟೋ ದಿನ ಬಲಕ್ಕೆ ಬಿದ್ದ. ಸ್ಟಿಕ್ ಹೊಸದಾಗಿತ್ತು, ಹೆಬ್ಬೆರಳು ಹಳೆಯದೇ ಆಗಿತ್ತಲ್ಲ.

ಇಲ್ಲಿಗೆ ಅಜ್ಜಾರು ಕತೆ ನಿಲ್ಲಿಸಿದರು. ಕತೆ ರೇವಯ್ಯನಿಗೆ ಹಿಡಿಸಿತ್ತು, ಆದರೆ ಕೇಳಲು ಬಂದದ್ದು ಸಿಕ್ಕಿರಲಿಲ್ಲ. ಬೆಳಗಾದರೆ ಹೊಳೆ ದಾಟಬೇಕು. ಅವನ ಮೂಗಿನ ತುದಿ ಕೆಂಪಾಯಿತು.

“ಅಂವ ಆಟದಾಗ ತಪ್ಪಿದಾ, ಖರೆ. ನೀವು ಸಿಟ್ಟು ದಾಟಿದ್ದು ಊರೆಲ್ಲ ಕಂಡೈತಲ್ರಿ ಅಜ್ಜಾರ. ಹ್ಯಾಂಗ ದಾಟಿದ್ರಿ, ಅಷ್ಟ ಹೇಳ್ರಿ. ಅಲ್ಲಿ ಮಂದಿಗೆ ನಾ ಅದನ್ನ ಹೇಳತೇನಿ.”

ಅಜ್ಜಾರು ತಮ್ಮ ಎರಡೂ ಅಂಗೈಗಳನ್ನು ಮೊಣಕಾಲ ಮೇಲೆ ತೆರೆದಿಟ್ಟು ಅವನ್ನೇ ನೋಡಿದರು.

“ದಾಟಿದ್ದು ಖರೆ, ರೇವಯ್ಯ, ಆದ್ರ ನನ್ನ ಕೈಯಾಗಿನ ಸ್ಟಿಕ್ಕು ಯಾವ ಕಡೆ ಎಳಿತೈತಿ ಅನ್ನೂದು ನನಗ ಇನ್ನೂ ಗೊತ್ತಾಗಿಲ್ಲ.”