ಸಿರ್ಕಾದ ಹರವಿ, ಖಜೂರದ ಶರಬತ್ತು

ವಿಜಯಪುರದ ಕಡೆ ಒಂದು ಸಣ್ಣ ಊರಿನಲ್ಲಿ ಬುರಾನುದ್ದೀನ್ ಅನ್ನೋ ಖಾಜಿ ಇದ್ದರು. ನ್ಯಾಯ ಹೇಳುವವರು ಅವರೇ, ನಿಕಾ ಓದಿಸುವವರೂ ಅವರೇ. ಅವರ ಹತ್ತಿರ ಹಾಶಿಂ ಎಂಬ ಶಿಷ್ಯ ಒಂಬತ್ತು ವರ್ಷದಿಂದ ಶಾಸ್ತ್ರ ಓದುತ್ತಿದ್ದ. ಹುಡುಗನಲ್ಲ, ಗಡ್ಡ ಬಂದ ಗಂಡಸು. ಓದಿದ್ದು ಬಹಳ, ತಿಳಿದದ್ದು ಅರ್ಧ. ಮಕ್ಕಳೇ, ತುಂಬಿದ ಕೊಡ ತುಳುಕುವುದಿಲ್ಲ, ಇವನು ಮಾತ್ರ ನಡೆದರೂ ತುಳುಕುತ್ತಿದ್ದ, ಕೂತರೂ ತುಳುಕುತ್ತಿದ್ದ.

ಒಂದು ಸಲ ಖಾಜಿಯವರು ತಂಗಿಯ ಊರಿಗೆ ಹೋಗಬೇಕಾಯಿತು. ಎಂಟು ದಿನ ಬರುವುದಿಲ್ಲ, ಅಲ್ಲಿವರೆಗೆ ನಮಾಜು ಮಾಡಿಸು, ಯಾರಾದರೂ ಏನಾದರೂ ಕೇಳಿದರೆ ಯೋಚಿಸಿ ಹೇಳು ಎಂದು ಹಾಶಿಂನಿಗೆ ಒಪ್ಪಿಸಿ ಹೋದರು. ಯೋಚಿಸಿ ಅನ್ನೋ ಮಾತು ಇವನ ಕಿವಿಗೆ ಬೀಳಲೇ ಇಲ್ಲ.

ಅದೇ ಓಣಿಯಲ್ಲಿ ಹುಸೇನಬಿ ಎಂಬ ವಿಧವೆ ಇದ್ದಳು. ಸಿರ್ಕಾ ಮಾಡಿ ಜೀವನ ಮಾಡುವವಳು. ಸಿರ್ಕಾ ಗೊತ್ತಲ್ಲ? ಉಪ್ಪಿನಕಾಯಿಗೆ ಹಾಕುವ, ಉಳ್ಳಾಗಡ್ಡಿ ಮೇಲೆ ಚಿಮುಕಿಸುವ ಹುಳಿ ನೀರು. ದ್ರಾಕ್ಷಿ ಹಿಂಡಿ, ರಸವನ್ನು ದೊಡ್ಡ ಮಣ್ಣಿನ ಹರವಿಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ನಲವತ್ತು ದಿನ ಇಡಬೇಕು. ನಡುವೆ ಮುಟ್ಟಬಾರದು. ಅವಳ ಎರಡು ಕೋಣೆಯ ಮನೆಯಲ್ಲಿ ಒಂದು ಕೋಣೆ ಹರವಿಗಳಿಗೇ ಬಿಟ್ಟದ್ದು. ಮಗಳು ಜೈತೂನಳ ನಿಕಾ ಗೊತ್ತಾಗಿತ್ತು, ಇನ್ನು ಹದಿನೈದು ದಿನ ಉಳಿದಿತ್ತು.

ಖಾಜಿಯವರು ಹೋದ ಮರುದಿನವೇ ಯಾರೋ ಬಂದು, ಹುಸೇನಬಿಯ ಮನೆಯಿಂದ ಹೆಂಡದ ವಾಸನೆ ಬರುತ್ತಿದೆ ಎಂದು ಹಾಶಿಂನ ಕಿವಿ ಊದಿದರು. ಹಾಶಿಂ ಹೋಗಿ ಹರವಿಗೆ ಕಿವಿಯಿಟ್ಟ. ಒಳಗೆ ಗುಳುಗುಳು ಸದ್ದು. ಬಟ್ಟೆ ಬಿಚ್ಚಿ ಮೂಸಿದ. ಹೌದು, ವಾಸನೆ ಹೆಂಡದ್ದೇ. ಹತ್ತೊಂಬತ್ತು ದಿನವಷ್ಟೇ ಆಗಿದೆ, ನಡುವೆ ಹೀಗೆ ಉಕ್ಕುತ್ತದೆ, ನಲವತ್ತಕ್ಕೆ ತಾನೇ ಹುಳಿಯಾಗುತ್ತದೆ, ನನ್ನ ಅತ್ತೆಯ ಕಾಲದಿಂದ ಹೀಗೇ ಮಾಡುತ್ತೇವೆ ಎಂದು ಹುಸೇನಬಿ ಕೈಮುಗಿದು ಹೇಳಿದಳು. ಇವನು ಕೇಳಲಿಲ್ಲ. ದ್ರಾಕ್ಷಿಯ ಮದ್ಯ ಹರಾಮು ಎಂದು ಗ್ರಂಥದಲ್ಲೇ ಇದೆ, ನಿನ್ನ ಅತ್ತೆ ದೊಡ್ಡವಳೋ ಗ್ರಂಥ ದೊಡ್ಡದೋ ಎಂದ. ನಾಲ್ಕೂ ಹರವಿಗಳನ್ನು ಓಣಿಗೆ ತರಿಸಿ ಎಲ್ಲರ ಕಣ್ಣೆದುರೇ ಒಡೆಸಿದ. ಮಣ್ಣಿನ ಮೇಲೆ ಕಣಜಗಳು ಮುತ್ತಿಕೊಂಡವು. ಅವಳು ಸೆರಗು ಬಾಯಿಗಿಟ್ಟು ಬಾಗಿಲಲ್ಲೇ ಕುಸಿದಳು.

ಹರವಿ ಹೋದರೆ ಹೋಗಲಿ, ಕುಂಬಾರ ಇನ್ನೊಂದು ಮಾಡಿಕೊಡುತ್ತಾನೆ. ಹೋದದ್ದು ಹೆಸರು. ಗಂಡಿನ ತಂದೆ ದಸ್ತಗೀರಸಾಬ ಮಾರನೇ ದಿನವೇ ಹೇಳಿ ಕಳಿಸಿದ, ಹೆಂಡ ಇಳಿಸುವ ಮನೆಯ ಹೆಣ್ಣು ನಮಗೆ ಬೇಡ ಎಂದು. ಜೈತೂನ ಎರಡು ದಿನ ಒಲೆ ಹಚ್ಚಲಿಲ್ಲ.

ಇನ್ನು ಹಾಶಿಂನ ಕತೆ ಕೇಳಿ. ಊರಿನ ಸಾವುಕಾರ ಫತ್ತೇಸಾಬನ ತೋಟದಲ್ಲಿ ಬಿಸಿಲುಗಾಲಕ್ಕೆ ಖಜೂರ ನೆನೆಸಿ ಶರಬತ್ತು ಮಾಡುತ್ತಿದ್ದರು. ಒಂದು ದಿನ ನೆನೆಸಿದರೆ ಒಳ್ಳೆಯ ಸಿಹಿ ನೀರು. ಸಾವುಕಾರ ಐದು ದಿನ ಮುಚ್ಚಿಡುತ್ತಿದ್ದ, ಆಗ ರುಚಿ ಏರುತ್ತದಂತೆ. ರುಚಿಯ ಜೊತೆ ಇನ್ನೇನು ಏರುತ್ತದೆ ಅನ್ನೋದು ಕುಡಿದವರಿಗೆಲ್ಲ ಗೊತ್ತಿತ್ತು, ಹೇಳುವವರಿಲ್ಲ. ಇದು ಸರಿಯೋ ತಪ್ಪೋ ಎಂದು ಸಾವುಕಾರ ಕೇಳಿದಾಗ ಹಾಶಿಂ ಗಡ್ಡ ಸವರಿಕೊಂಡ. ಇದು ದ್ರಾಕ್ಷಿಯದಲ್ಲ, ಹೆಸರೂ ಮದ್ಯವಲ್ಲ, ತಲೆ ತಿರುಗುವಷ್ಟು ಕುಡಿಯದಿದ್ದರೆ ಆಯಿತು ಎಂದು ಒಬ್ಬ ಹಳೆಯ ಪಂಡಿತನ ಅಭಿಪ್ರಾಯ ಹೇಳಿದ. ಆ ಮಾತನ್ನು ಆಮೇಲಿನ ಪಂಡಿತರು ಯಾಕೆ ಕೈಬಿಟ್ಟರು ಅನ್ನೋ ಪುಟ ಅವನು ಓದಿರಲೇ ಇಲ್ಲ. ಸಾವುಕಾರನಿಗೆ ಖುಷಿಯೋ ಖುಷಿ. ತಾವೂ ಒಂದು ಬಟ್ಟಲು ತಗೊಳ್ಳಿ ಎಂದ. ಬಿಸಿಲು ಬೇರೆ. ಹಾಶಿಂ ಒಂದು ತಗೊಂಡ, ಎರಡು ತಗೊಂಡ, ಮೂರನೆಯದಕ್ಕೆ ಬೇಡ ಎನ್ನಲಿಲ್ಲ.

ಅಲ್ಲಿಂದ ಎದ್ದು ನೇರ ಮಸೀದಿಗೆ ಬಂದ. ಹೊತ್ತು ಮುಳುಗುವಾಗಿನ ಮಗ್ರಿಬ್ ನಮಾಜು. ಮಸೀದಿ ತುಂಬಿತ್ತು. ಈ ನಮಾಜಿಗೆ ಮೂರು ರಕಾತು, ಅಂದರೆ ನಿಂತು ಬಾಗಿ ಮಣಿಯುವ ಮೂರು ಸುತ್ತು, ಏಳು ವರ್ಷದ ಮಕ್ಕಳಿಗೂ ಗೊತ್ತು. ಹಾಶಿಂ ಎರಡಕ್ಕೇ ಸಲಾಮು ಹೇಳಿ ಮುಗಿಸಿಬಿಟ್ಟ. ಮುಂದೆ ನಿಂತವನು ತಪ್ಪಿದರೆ ಹಿಂದಿನವರು 'ಸುಬ್ಹಾನಲ್ಲಾ' ಎಂದು ಎಚ್ಚರಿಸುವುದು ಪದ್ಧತಿ. ಒಬ್ಬರು ಹೇಳಿದರು. ಇವನು ದಡಬಡಿಸಿ ಎದ್ದ, ಮೂರಾಯಿತು, ಕೂರಲಿಲ್ಲ, ನಾಲ್ಕನೆಯದಕ್ಕೂ ಎದ್ದು ಕುರಾನಿನ ಸಣ್ಣ ಸೂರಾ ಒಂದನ್ನು ಹಿಂದುಮುಂದು ಮಾಡಿ ಓದತೊಡಗಿದ. ಕೊನೆಯ ಸಾಲಿನಿಂದ ಮತ್ತೊಮ್ಮೆ 'ಸುಬ್ಹಾನಲ್ಲಾ' ಬಂತು. ಆ ದನಿ ಹಾಶಿಂನಿಗೆ ಗುರುತು ಸಿಕ್ಕಿತು. ಖಾಜಿಯವರು ಒಂದು ದಿನ ಮೊದಲೇ ಬಂದುಬಿಟ್ಟಿದ್ದರು.

ಅವರು ಬೈಯಲಿಲ್ಲ. ಮುಂದೆ ಬಂದು ಅವನ ಭುಜ ಹಿಡಿದು ಪಕ್ಕಕ್ಕೆ ಸರಿಸಿ, ನಮಾಜನ್ನು ಮೊದಲಿಂದ ಮಾಡಿಸಿದರು. ಬೆಳಿಗ್ಗೆ ಅವನ ತಲೆಗೇರಿದ್ದು ಇಳಿದ ಮೇಲೆ ಕರೆದು ಎದುರಿಗೆ ಕೂರಿಸಿಕೊಂಡರು.

"ಏನು ಕುಡಿದಿದ್ದೆ?"

"ಶರಬತ್ತು ಉಸ್ತಾದರೇ, ಖಜೂರದ್ದು. ಅದು ಮದ್ಯ ಅಲ್ಲ."

"ನಾನು ಹೆಸರು ಕೇಳಲಿಲ್ಲಪ್ಪಾ. ಅದು ನಿನಗೇನು ಮಾಡಿತು, ಅದನ್ನು ಹೇಳು."

ತಲೆ ತಿರುಗಿತು ಎಂದು ಹಾಶಿಂ ಒಪ್ಪಿಕೊಂಡ. ಆಮೇಲೆ, ಇದೊಂದು ತಪ್ಪಾದರೂ ಇನ್ನೊಂದು ಒಳ್ಳೆಯ ಕೆಲಸ ಮಾಡಿದ್ದೇನೆ ಎಂದು ಹುಸೇನಬಿಯ ಹರವಿಗಳ ಸಂಗತಿ ಹೇಳಿದ. ಕೇಳುತ್ತಾ ಕೇಳುತ್ತಾ ಖಾಜಿಯವರ ಮುಖ ಕಪ್ಪಿಟ್ಟಿತು.

"ದೇವರು ಮದ್ಯ ಬೇಡ ಎಂದದ್ದು ದ್ರಾಕ್ಷಿಯ ಮೇಲಿನ ಸಿಟ್ಟಿಗಲ್ಲ," ಎಂದರು. "ಅದು ಬುದ್ಧಿ ಕೆಡಿಸುತ್ತದೆ ಅಂತ. ಕಾರಣ ಅಮಲು. ಅಮಲು ಎಲ್ಲಿದೆಯೋ ನಿಷೇಧ ಅಲ್ಲಿದೆ, ಅದಕ್ಕೆ ಶರಬತ್ತು ಅಂತ ಹೆಸರಿಡು, ಅಮೃತ ಅಂತ ಹೆಸರಿಡು. ಒಂದು ಕೊಡ ತುಂಬ ಕುಡಿದರೆ ಅಮಲೇರಿಸುವುದು ಬೊಗಸೆಯಷ್ಟೂ ಬೇಡ ಎಂದು ಪ್ರವಾದಿಯವರು ಹೇಳಿದ್ದು ಇದಕ್ಕೇ. ಅದೇ ರಸ ಸಿರ್ಕಾ ಆದಾಗ ಅಮಲು ಹೋಯಿತು, ನಿಷೇಧವೂ ಹೋಯಿತು. ರೊಟ್ಟಿಗೆ ಸಿರ್ಕಾ ಎಷ್ಟು ಒಳ್ಳೆಯ ನಂಚಿಕೆ ಎಂದವರೂ ಪ್ರವಾದಿಯವರೇ. ಆ ಹೆಣ್ಣುಮಗಳು ನಡುವೆ ಒಂದು ಹನಿ ಕುಡಿದಳೇ? ಮಾರಿದಳೇ? ಕಟ್ಟಿದ ಬಟ್ಟೆ ಬಿಚ್ಚಿದವನು ನೀನು. ಅಮಲು ಕಳಕೊಳ್ಳುವ ಹರವಿ ಒಡೆದೆ, ಅಮಲು ತುಂಬಿದ ಬಟ್ಟಲು ಎತ್ತಿದೆ."

ಹಾಶಿಂ ಅತ್ತುಬಿಟ್ಟ. ಈಗಲೇ ಹೋಗಿ ಅವಳ ಕಾಲು ಹಿಡಿಯುತ್ತೇನೆ ಎಂದ. ಖಾಜಿಯವರು ತಡೆದರು. ಮನೆಯೊಳಗೆ ಗುಟ್ಟಾಗಿ ಹಿಡಿದರೆ ನಿನ್ನ ಮನಸ್ಸಿಗೆ ಹಗುರ, ಅವಳಿಗೇನು ಬಂತು? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಓಣಿಯಲ್ಲಿ ಕಳೆದದ್ದನ್ನು ಎಲ್ಲರೆದುರೇ ಹಿಂದೆ ಕೊಡಬೇಕು ಎಂದರು. ಫತ್ತೇಸಾಬನನ್ನು ಕರೆಸಿ, ಒಂದು ದಿನ ನೆನೆದದ್ದು ಕುಡಿ, ಉಕ್ಕಿದ್ದನ್ನು ಚೆಲ್ಲು ಎಂದು ಕಟ್ಟುನಿಟ್ಟಾಗಿ ಹೇಳಿದರು. ದಸ್ತಗೀರಸಾಬನಿಗೂ ಶುಕ್ರವಾರದ ನಮಾಜಿಗೆ ಬರಲು ಹೇಳಿ ಕಳಿಸಿದರು.

ಶುಕ್ರವಾರ ನಮಾಜು ಮುಗಿದ ಮೇಲೆ ಹಾಶಿಂ ಎದ್ದು ನಿಂತ. ಹುಸೇನಬಿ ತಪ್ಪು ಮಾಡಿಲ್ಲ, ಅವಳ ಹರವಿಯಲ್ಲಿದ್ದದ್ದು ಸಿರ್ಕಾ ಆಗಬೇಕಾದ ರಸ, ಮೊನ್ನೆ ನಿಮ್ಮ ಮುಂದೆ ನಿಂತು ತೊದಲಿದವನು ನಾನು, ಅಮಲು ಇದ್ದದ್ದು ನನ್ನ ತಲೆಯಲ್ಲಿ ಎಂದು ಒಂದನ್ನೂ ಮುಚ್ಚಿಡದೆ ಹೇಳಿದ. ದಸ್ತಗೀರಸಾಬ ಚಪ್ಪಲಿ ಮೆಟ್ಟಿಕೊಂಡು ನೇರ ಹುಸೇನಬಿಯ ಮನೆಗೆ ನಡೆದ, ದುಡುಕಿ ಮಾತಾಡಿದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡವ್ವಾ ಎಂದ. ನಿಕಾ ಮೊದಲು ಗೊತ್ತಾಗಿದ್ದ ದಿನಕ್ಕೇ ಮತ್ತೆ ಗೊತ್ತಾಯಿತು.

ನಿಕಾ ಯಾರು ಓದಿಸಬೇಕು ಎಂದು ಮಾತು ಬಂದಾಗ ಎಲ್ಲರೂ ಖಾಜಿಯವರ ಕಡೆ ನೋಡಿದರು. ಹುಸೇನಬಿ ಪರದೆಯ ಆಚೆಯಿಂದ ಹೇಳಿದಳು:

"ಖಾಜಿ ಸಾಹೇಬ್ರ, ತಪ್ಪು ತಿಳೀಬ್ಯಾಡ್ರಿ. ಯಾವ ಬಾಯಿ ನನ್ನ ಮಗಳ ನಿಕಾ ಮುರೀತೋ, ಅದೇ ಬಾಯಿ ಓದಲಿ."

ಹಾಶಿಂ ಬಂದು ಕೂತ. ಈ ಸಲ ಒಂದಕ್ಷರ ತಪ್ಪದೆ ಪೂರ್ತಿ ಓದಿ ಮುಗಿಸಿದ.

ಇದರಲ್ಲಿ ಹಿಡಿದುಕೊಳ್ಳಬೇಕಾದ ನೀತಿ: ಬೇಡ ಎಂದದ್ದು ಯಾವುದು ಅಂತ ಕಲಿತರೆ ಸಾಲದು, ಯಾಕೆ ಬೇಡ ಎಂದರು ಅನ್ನೋದನ್ನೂ ಕಲಿಯಬೇಕು. ಕಾರಣ ಬಿಟ್ಟು ಹೆಸರು ಹಿಡಿದವನು ನಿರಪರಾಧಿಯನ್ನು ಶಿಕ್ಷಿಸುತ್ತಾನೆ, ತಾನು ತಪ್ಪಿನಲ್ಲಿ ಮುಳುಗುತ್ತಾನೆ. ಹಾಗೆ ಆಗಿಯೇ ಹೋದರೆ, ಹತ್ತು ಜನರ ಮುಂದೆ ಮಾಡಿದ ತಪ್ಪನ್ನು ಹತ್ತು ಜನರ ಮುಂದೆಯೇ ಒಪ್ಪಿಕೊಳ್ಳಬೇಕು.