ಸೀರೆಯೊಳಗಿನ ಟ್ಯಾಗು

"ಗುರುಗಳೇ, ದಾಸೋಹದ ಗಡಿಗೆಯಲ್ಲಿ ತುಪ್ಪದ ಮಟ್ಟಕ್ಕೆ ಗುಟ್ಟಾಗಿ ಒಂದು ಗೆರೆ ಎಳೆದಿದ್ದೇನೆ, ಕದ್ದರೆ ಗೊತ್ತಾಗಲೆಂದು. ಅಡುಗೆಯ ಕೊಟ್ರಯ್ಯನಿಗೆ ಗೊತ್ತಿಲ್ಲ. ಅವನು ಶುದ್ಧನಾಗಿದ್ದರೆ ಅವನಿಗೇನು ನಷ್ಟ?" ಎಂದು ಶಿಷ್ಯ ಚೆನ್ನವೀರ ಕೇಳಿದ.

ಗುರುಗಳು ಅವನನ್ನು ಕೂರಿಸಿ ಹೇಳಿದರು:

ಒಬ್ಬ ರೇಷ್ಮೆ ಸೀರೆ ವ್ಯಾಪಾರಿ. ಅವನ ಸೀರೆಗಳನ್ನು ಹೊತ್ತು ಮನೆಮನೆಗೆ ಮಾರುವ ಒಬ್ಬ ಹೆಂಗಸು. ಬೆಳಿಗ್ಗೆ ಗಂಟು ಒಯ್ಯುವಳು, ಸಂಜೆ ಉಳಿದದ್ದನ್ನು ತಂದಿಡುವಳು. ಹತ್ತು ವರ್ಷ ಅವನು ಆ ಗಂಟನ್ನು ಅವಳೆದುರು ಬಿಚ್ಚಿ ನೋಡಿದವನಲ್ಲ. ಆ ಬೀದಿಯ ಮರ್ಯಾದೆಯೇ ಹಾಗಿತ್ತು.

ಒಂದು ದಿನ ಯಾರೋ ಅವನ ಕಿವಿ ಊದಿದರು. ಅಸಲಿ ಸೀರೆ ಬೇರೆಡೆ ಕೊಟ್ಟು, ಅಂಥದೇ ಅಗ್ಗದ್ದನ್ನು ಗಂಟಿಗೆ ಸೇರಿಸುತ್ತಾಳಂತೆ. ಅವಳನ್ನೇ ಕೇಳಿದರೆ ಮುಗಿಯುತ್ತಿತ್ತು. ಆದರೆ ಕೇಳಲು ಮುಖ ಬೇಕಲ್ಲ! ಪೇಟೆಗೆ ಹೋಗಿ ಆರ್‌ಎಫ್‌ಐಡಿ ಟ್ಯಾಗುಗಳನ್ನು ತಂದ. ಉಗುರಿನಷ್ಟು ಚೀಟಿ, ಓದುವ ಯಂತ್ರ ಹತ್ತಿರ ಬಂದರೆ ತನ್ನ ಗುರುತು ಹೇಳುತ್ತದೆ.

ಮೊದಲು ಜರಿಯ ಸೆರಗಿನ ಮಡಿಕೆಯೊಳಗೆ ಇಟ್ಟು ನೋಡಿದ. ಯಾರ ಕಣ್ಣಿಗೂ ಬೀಳುವಂತಿರಲಿಲ್ಲ. ಬೆಳ್ಳಿ ಜರಿ ಅಡ್ಡ ಬಂದು ಅವನ ಯಂತ್ರಕ್ಕೂ ಸಿಗಲಿಲ್ಲ. ಟ್ಯಾಗು ಮಾರಿದವನ ಹತ್ತಿರ ಮತ್ತೆ ಹೋದ.

"ನನಗೆ ಮಾತ್ರ ಸಿಗಬೇಕು, ಬೇರೆ ಯಾರಿಗೂ ಸಿಗಬಾರದು. ಹಾಗೆ ಮಾಡಿಕೊಡಿ."

ಟ್ಯಾಗಿನವನು ನಕ್ಕ. "ಸ್ವಾಮಿ, ಈ ಅಗ್ಗದ ಟ್ಯಾಗು ಕರೆದೋರು ಯಾರು ಅಂತ ನೋಡಲ್ಲ. ನಿಮಗೆ ಓಗೊಡೋದು ಊರಿಗೂ ಓಗೊಡುತ್ತೆ."

ವ್ಯಾಪಾರಿ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಜರಿಯಿಲ್ಲದ ಒಳತುದಿಯನ್ನು ಮಡಿಚಿ, ಒಂದೊಂದು ಸೀರೆಗೂ ಒಂದೊಂದು ಟ್ಯಾಗು ಹೊಲಿದ.

ಮರುದಿನ ಆ ಹೆಂಗಸು ಗಂಟು ಹೊತ್ತುಕೊಂಡೇ ದಾರದುಂಡೆ ಕೊಳ್ಳಲು ದೊಡ್ಡ ಅಂಗಡಿಯೊಂದಕ್ಕೆ ಹೋದಳು. ಹೊರಬರುವಾಗ ಬಾಗಿಲಲ್ಲಿದ್ದ, ಟ್ಯಾಗು ಓದಿ ಕಳವು ಹಿಡಿಯುವ ಯಂತ್ರ ಕಿರುಚಿತು. ಕಾವಲಿನವನು ತಡೆದ. ಜನ ಸೇರಿದರು. ಗಂಟು ಬಿಚ್ಚಿ ಸೀರೆಗಳನ್ನೆಲ್ಲ ನೆಲಕ್ಕೆ ಕೊಡವಿ, ಒಳತುದಿಯ ಟ್ಯಾಗುಗಳನ್ನು ಹುಡುಕಿ ಹಿಡಿದರು. ಅವು ಆ ಅಂಗಡಿಯವಲ್ಲ ಎಂದು ಗೊತ್ತಾಗುವ ಹೊತ್ತಿಗೆ, ಕಳ್ಳಿ ಎಂಬ ಮಾತು ಅವಳು ಸೀರೆ ಮಾರುವ ಬೀದಿಗಳಿಗೆಲ್ಲ ಮುಟ್ಟಿತ್ತು. ಪಾಪ, ಇನ್ನು ಯಾರ ಮನೆಯ ಕದ ತಟ್ಟಬೇಕು ಅವಳು?

ಗಂಟನ್ನು ತಂದು ವ್ಯಾಪಾರಿಯ ಮುಂದಿಟ್ಟಳು. ಸೀರೆಗಳೆಲ್ಲ ಅವನವೇ, ಒಂದೂ ಬದಲಾಗಿರಲಿಲ್ಲ.

"ಸಾವ್ಕಾರ್ರೇ, ಬಿಚ್ಚು ಅಂದಿದ್ರೆ ನಾನೇ ಬಿಚ್ಚಿ ಹರವ್ತಿದ್ನಲ್ಲ."

ವ್ಯಾಪಾರಿ ನಾಚಿಕೆಯಿಂದ ಕುಗ್ಗಿಹೋದ. "ತಪ್ಪಾಯ್ತು ತಾಯಿ. ಇನ್ನು ಯಾವ ಸೀರೆಗೂ ಹೊಲಿಯಲ್ಲ, ನಂಬು," ಎಂದ. ಅವಳು ತಲೆಯ ಮೇಲಿನ ಸಿಂಬಿಯನ್ನೂ ಅಲ್ಲೇ ಇಟ್ಟು ಹೊರಟುಹೋದಳು.

ಚೆನ್ನವೀರ ತಡೆಯಲಾರದೆ ಕೇಳಿದ:

"ಆಮೇಲಾದರೂ ಆ ಟ್ಯಾಗುಗಳನ್ನು ಅವನು ಕಿತ್ತುಹಾಕಿದನೇ?"

"ಸೀರೆಗಳಿಂದ ಕಿತ್ತನಪ್ಪ, ಅವಳ ಮನಸ್ಸಿನಿಂದ ಕೀಳೋಣವೆಂದು ಹೋದಾಗ ಅವಳು ಬಾಗಿಲು ತೆರೆಯಲಿಲ್ಲ."