ಉಪ್ಪಿಲ್ಲದ ನೀರು

ಶಿಷ್ಯ ಕೇಳಿದ: “ಗುರುಗಳೇ, ಹಿಂದೆ ಒಂದು ತಪ್ಪು ಮಾಡಿದ್ದೆ. ಯಾರಿಗೂ ಹೇಳಲಿಲ್ಲ. ಆಮೇಲಿನ ಹನ್ನೆರಡು ವರ್ಷ ಒಳ್ಳೆಯದನ್ನೇ ಮಾಡಿದ್ದೇನೆ. ಇಷ್ಟು ಒಳ್ಳೆಯದು ಸೇರಿದ ಮೇಲೂ ಆ ಹಳೆಯದು ಉಳಿದಿರುತ್ತದೆಯೇ?”

“ತಪ್ಪು ಏನೆಂದು ನಾನು ಕೇಳುವುದಿಲ್ಲ. ಅದನ್ನು ನೀನು ಹೇಳಬೇಕಾದದ್ದು ನನಗಲ್ಲ” ಎಂದರು ಗುರುಗಳು. “ಹನ್ನೆರಡು ವರ್ಷ ಎಂದು ಎಣಿಸಿ ಇಟ್ಟುಕೊಂಡಿದ್ದೀಯಲ್ಲ, ಮರೆತಿಲ್ಲ ಎಂದಾಯಿತು. ಕೂತುಕೋ.” ಆಮೇಲೆ ಈ ಕತೆ ಹೇಳಿದರು.

ಒಬ್ಬ ಮೀನುಗಾರನಿದ್ದ. ಅವನಿಗೆ ಒಬ್ಬ ತಮ್ಮ. ಇಬ್ಬರಿಗೂ ಸೇರಿ ಒಂದು ದೋಣಿ, ಅದಕ್ಕೊಂದು ಪೆಟ್ರೋಲ್ ಎಂಜಿನ್ನು. ಮಳೆಗಾಲದಲ್ಲಿ ದೋಣಿಯನ್ನು ದಡಕ್ಕೆ ಎಳೆದು ತೆಂಗಿನ ಮಡಲು ಮುಚ್ಚಿ ಇಡುತ್ತಿದ್ದರು. ಆ ವರ್ಷ ಅಣ್ಣ ಟ್ಯಾಂಕಿನಲ್ಲಿ ಅರ್ಧ ಪೆಟ್ರೋಲ್ ಹಾಗೆಯೇ ಬಿಟ್ಟ. ಮುಚ್ಚಳವನ್ನೂ ಸರಿಯಾಗಿ ತಿರುಗಿಸಲಿಲ್ಲ. ಮಳೆ ಮೂರು ತಿಂಗಳು ಹೊಯ್ಯಿತು.

ಮಳೆ ನಿಂತ ಮೇಲೆ ಕಡಲಪೂಜೆಯ ದಿನ ಬಂತು. ಅವರ ಮನೆಯಲ್ಲಿ ಒಂದು ರೂಢಿ ಇತ್ತು. ಪೂಜೆಯ ದಿನದಿಂದ ಮೊದಲ ಮೀನು ದಡಕ್ಕೆ ಬರುವವರೆಗೆ ಯಾವ ಪಾತ್ರೆಯನ್ನೂ ಬರಿದು ಮಾಡಬಾರದು. ಪಾತ್ರೆ ಬರಿದಾದರೆ ಬಲೆಯೂ ಬರಿದು ಎಂದು ಅವರ ಅಜ್ಜಿ ಹೇಳಿ ಹೋಗಿದ್ದಳು. ಆ ದಿನಗಳಲ್ಲಿ ನೀರಿನ ಹಂಡೆಯನ್ನು ಕೂಡ ಯಾರೂ ಮಗುಚಿ ತೊಳೆಯುತ್ತಿರಲಿಲ್ಲ. ಕಡಿಮೆಯಾದಷ್ಟನ್ನು ಮೇಲಿನಿಂದ ತುಂಬುತ್ತಿದ್ದರು.

ತಮ್ಮ ಟ್ಯಾಂಕಿನ ಮುಚ್ಚಳ ತೆಗೆದು ಮೂಸಿ ನೋಡಿದ.

“ಅಣ್ಣ, ಇದ್ರ ವಾಸ್ನಿ ಬದ್ಲಾಯ್ತ್. ಪೂರಾ ಚೆಲ್ಲಿ ಹೊಸ್ತ್ ಹಾಕ್ವ.”

“ಇವತ್ತ್ ಪೂಜಿ ದಿನ. ಬರ್ದ್ ಮಾಡೂಕಾಗ. ಮೇಲಿಂದ ಹೊಸ್ತ್ ಹಾಕ್ರೆ ಹಳ್ತೂ ಸರಿ ಆತ್ತ್.”

ಅಣ್ಣನ ಮಾತಿಗೆ ತಮ್ಮ ಎದುರು ಆಡುವವನಲ್ಲ. ಅಣ್ಣ ಹೊಸ ಪೆಟ್ರೋಲ್ ತಂದು ಕತ್ತಿನವರೆಗೆ ತುಂಬಿದ. ಈ ಸಲ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿದ. ಸಂಜೆ ಹೊಳೆಯಲ್ಲಿ ಎರಡು ಸುತ್ತು ಓಡಿಸಿ ನೋಡಿದ. ಎಂಜಿನ್ನು ಒಮ್ಮೆಯೂ ಕೆಮ್ಮಲಿಲ್ಲ. ‘ನೋಡಿದೆಯಾ’ ಎಂಬಂತೆ ತಮ್ಮನ ಮುಖ ನೋಡಿ ನಕ್ಕ. ಹೊಳೆಯಲ್ಲಿ ಏಕೆ ಕೆಮ್ಮುತ್ತದೆ? ಒಳಗೆ ಸೇರಿದ್ದ ನೀರು ಪೆಟ್ರೋಲಿಗಿಂತ ಭಾರ. ಅಲುಗಾಡದ ಟ್ಯಾಂಕಿನಲ್ಲಿ ಅದು ಎಂಜಿನ್ನಿನ ಕೊಳವೆಗೆ ಸಿಗದೆ ತಳ ಸೇರಿ ಸುಮ್ಮನೆ ಮಲಗಿರುತ್ತದೆ.

ಮರುದಿನ ಬೆಳಿಗ್ಗೆ ಇಬ್ಬರೂ ಹೊರಟರು. ಹೊಳೆ ಕಡಲಿಗೆ ಸೇರುವ ಅಳಿವೆಯಲ್ಲಿ ಅಲೆ ಒಡೆಯುತ್ತಿತ್ತು. ಮೊದಲ ಅಲೆಗೆ ದೋಣಿ ಎದ್ದು ಬಿತ್ತು. ಎರಡನೆಯದಕ್ಕೂ ಬಿತ್ತು. ತಳದ ನೀರು ಕಲಕಿ ಎಂಜಿನ್ನಿಗೆ ಹೋಯಿತು. ಎಂಜಿನ್ನು ನಿಂತಿತು. ಅಳಿವೆಯಲ್ಲಿ ಎಂಜಿನ್ನು ನಿಂತರೆ ದೋಣಿ ಅಲೆಗೆ ಅಡ್ಡ ತಿರುಗುತ್ತದೆ. ಮೂರನೆಯ ಅಲೆ ಅದನ್ನು ಮಗುಚಿತು. ಅಣ್ಣ ಈಜಿ ದಡ ಸೇರಿದ. ತಮ್ಮ ಅವನಿಗಿಂತ ಒಳ್ಳೆಯ ಈಜುಗಾರ, ಆದರೆ ಬಲೆ ಕಾಲಿಗೆ ಸುತ್ತಿಕೊಂಡಿತ್ತು. ಮೂರನೆಯ ದಿನ ಹೆಣ ಸಿಕ್ಕಿತು. ಬಲೆ ಇನ್ನೂ ಕಾಲಲ್ಲೇ ಇತ್ತು.

ದೋಣಿ ಮರಳಿಗೆ ಬಂದು ಬಿದ್ದಿತ್ತು. ಎಂಜಿನ್ನು ನೋಡಲು ಕರೆಸಿದ ಮೆಕ್ಯಾನಿಕ್ ಟ್ಯಾಂಕಿನ ತಳದಿಂದ ಒಂದಿಷ್ಟನ್ನು ಗಾಜಿನ ಬಾಟಲಿಗೆ ಹಿಡಿದ. ಮೇಲೆ ಪೆಟ್ರೋಲ್, ಕೆಳಗೆ ಎರಡು ಬೆರಳು ನೀರು.

“ದೋಣಿ ಮಗ್ಚುವಾಗ ಕಡ್ಲ ನೀರ್ ಒಳಗ್ ಹೋಯ್ತ್” ಎಂದ ಅಣ್ಣ.

“ಮುಚ್ಚಳ ಬಿಗಿ ಇತ್ತಲೆ. ನಾಲ್ಗಿಗ್ ಹಾಕಿ ಕಾಣ್” ಎಂದ ಮೆಕ್ಯಾನಿಕ್. ಮೇಲಿನ ಪೆಟ್ರೋಲನ್ನು ಬಗ್ಗಿಸಿ ಚೆಲ್ಲಿ, ತಳದಲ್ಲಿ ಉಳಿದದ್ದನ್ನು ಮುಂದೆ ಹಿಡಿದ.

ಅಣ್ಣ ಬೆರಳು ಅದ್ದಿ ನಾಲಿಗೆಗೆ ಇಟ್ಟ. ಪೆಟ್ರೋಲಿನ ಘಾಟು ಇತ್ತು. ಉಪ್ಪು ಇರಲಿಲ್ಲ. ಅದು ಮಳೆಯ ನೀರು.

ಅಣ್ಣ ಆ ಬಾಟಲಿಯನ್ನು ಮರಳಿಗೆ ಸುರಿದ. ಮೆಕ್ಯಾನಿಕ್ ಬೇರೆ ಊರಿನವನು, ತನಗೇಕೆ ಎಂದು ಸುಮ್ಮನೆ ಹೋದ. ಅಣ್ಣ ಮನೆಗೆ ಬಂದು ತಮ್ಮನ ಹೆಂಡತಿಗೆ ಹೇಳಿದ, ಕಡಲು ಅವನನ್ನು ಕರೆದುಕೊಂಡಿತು ಎಂದು. ಅವಳು ಕಡಲಿನ ಎದುರು ನಿಂತು ಮಣ್ಣು ತೂರಿ ಶಾಪ ಹಾಕಿದಳು. ಪಾಪದ ಕಡಲು, ಮಾಡದ ತಪ್ಪಿಗೆ ಬೈಗುಳ ತಿಂದಿತು.

ಅಂದಿನಿಂದ ಅವನು ಒಳ್ಳೆಯವನಾದ. ಸುಳ್ಳಲ್ಲ, ನಿಜಕ್ಕೂ ಒಳ್ಳೆಯವನಾದ. ದಡಕ್ಕೆ ಬಂದ ಮೊದಲ ಬುಟ್ಟಿ ತಮ್ಮನ ಮನೆಗೆ ಹೋಗುತ್ತಿತ್ತು. ಆ ಮನೆಯ ಮಾಡಿಗೆ ತಾನೇ ಹಂಚು ಹೊದಿಸಿದ. ತಮ್ಮನ ಮಗನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದ, ದೋಣಿ ಕಲಿಸಿದ, ಮನೆಯ ರೂಢಿಗಳನ್ನೂ ಕಲಿಸಿದ. ಊರೇ ಅವನನ್ನು ಹೊಗಳಿತು. ಆ ಬಾಟಲಿಯ ಮಾತನ್ನು ಮಾತ್ರ ಅವನು ಎತ್ತಲಿಲ್ಲ. ಎತ್ತಿದರೆ ತಮ್ಮನ ಹೆಂಡತಿ ತನ್ನ ಮುಖದ ಮೇಲೆ ಬಾಗಿಲು ಹಾಕುತ್ತಾಳೆ ಎಂದು ಹೆದರಿದ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಿಷ್ಯ ತಲೆ ತಗ್ಗಿಸಿಯೇ ಕೇಳಿದ: “ಕೊನೆಗಾದರೂ ಅವಳಿಗೆ ಹೇಳಿದನೇ?”

“ಆ ಹುಡುಗ ಈಗ ಅದೇ ದೋಣಿ ನಡೆಸುತ್ತಾನೆ, ಪೂಜೆಯ ದಿನ ಅವನೂ ಟ್ಯಾಂಕಿನ ಹಳೆಯದರ ಮೇಲೆ ಹೊಸದನ್ನು ತುಂಬುತ್ತಾನೆ” ಎಂದರು ಗುರುಗಳು.